ಕತ್ತಲೆಯ ಖರ್ಚು: ಮಿಂಚುಹುಳುಗಳ ಕೋಣೆ ಕಟ್ಟಿದ ಹದಿನಾಲ್ಕು ತಿಂಗಳು

2025ರ ಜುಲೈ ತಿಂಗಳಿನಲ್ಲಿ ಬೆಂಗಳೂರಿನ ಹಳೆಯ ಗೋದಾಮೊಂದರಲ್ಲಿ ಒಂಬತ್ತು ದಿನ ತೆರೆದಿದ್ದ ನನ್ನ ಬೆಳಕಿನ ಕೋಣೆಯನ್ನು ಬಿಚ್ಚಿ, ಸಾಮಾನುಗಳನ್ನು ಹದಿನೇಳು ರಟ್ಟಿನ ಪೆಟ್ಟಿಗೆಗಳಲ್ಲಿ ತುಂಬಿ ಮನೆಗೆ ತಂದು ಈಗ ಆರು ವಾರಗಳಾದವು. 40 ಅಡಿ ಉದ್ದ, 25 ಅಡಿ ಅಗಲದ ಆ ಕೋಣೆಯಲ್ಲಿ 480 ಕೃತಕ ಮಿಂಚುಹುಳುಗಳಿದ್ದವು. ನೋಡುಗರು ಅವುಗಳ ನಡುವೆಯೇ ಕುಳಿತು, ಮನಬಂದಂತೆ ಮಿನುಗುತ್ತಿದ್ದ ಹುಳುಗಳು ನಿಧಾನವಾಗಿ ಒಂದೇ ಲಯಕ್ಕೆ ಬಂದು, ಮತ್ತೆ ಚದುರಿಹೋಗುವುದನ್ನು ಕಾಣುತ್ತಿದ್ದರು. ಬಂದವರಲ್ಲಿ ಹಲವರು, ಅದರಲ್ಲೂ ಚಿತ್ರಕಲಾ ಶಾಲೆಯ ವಿದ್ಯಾರ್ಥಿಗಳು, ಇದನ್ನು ಹೇಗೆ ಮಾಡಿದಿರಿ, ಎಷ್ಟು ಖರ್ಚಾಯಿತು, ಯಾರ ಯಾರ ಅನುಮತಿ ಬೇಕಾಯಿತು ಎಂದು ವಿಚಾರಿಸಿದರು. ಬಾಗಿಲ ಬಳಿ ನಿಂತು ಕೊಟ್ಟ ಅರೆಬರೆ ಉತ್ತರಗಳು ನನಗೇ ಸಮಾಧಾನ ತರದ ಕಾರಣ ಇಲ್ಲಿ ಎಲ್ಲವನ್ನೂ ಕ್ರಮವಾಗಿ ಬರೆಯುತ್ತಿದ್ದೇನೆ. ಈ ಹಾದಿ ಹಿಡಿಯುವವರು ಒಂದು ಮಾತನ್ನು ಮೊದಲೇ ತಿಳಿದಿರಬೇಕು: ನನ್ನ ಹಣ, ಸಮಯ, ನಿದ್ದೆ ಮೂರೂ ಬೆಳಕಿಗಿಂತ ಹೆಚ್ಚಾಗಿ ಕತ್ತಲೆಗೆ ಖರ್ಚಾದವು.

ನಮ್ಮ ಊರು ಶಿರಸಿ ತಾಲ್ಲೂಕಿನಲ್ಲಿದೆ. ಅಡಿಕೆ ತೋಟದ ಮೇಲ್ಭಾಗಕ್ಕೆ ಸೊಪ್ಪಿನ ಬೆಟ್ಟವಿದ್ದು, ಮಳೆಗಾಲಕ್ಕೆ ಮುಂಚಿನ ಎರಡು ಮೂರು ವಾರ ಅಲ್ಲಿಯ ಮರಗಳ ಮೇಲೆ ಮಿಂಚುಹುಳುಗಳು ನೆರೆಯುತ್ತವೆ. 2024ರ ಮೇ ತಿಂಗಳಲ್ಲಿ, ಕೃತ್ತಿಕಾ ಮಳೆಯ ಎರಡು ಅಡ್ಡಮಳೆ ಬಿದ್ದು ಸೆಕೆ ಇನ್ನೂ ಇಳಿಯದಿದ್ದ ಒಂದು ರಾತ್ರಿ, ಕರೆಂಟು ಹೋಗಿದ್ದರಿಂದ ಅಂಗಳದಲ್ಲಿ ಕುಳಿತಿದ್ದಾಗ ಎದುರಿನ ಹೊನ್ನೆಮರ ಪೂರ್ತಿ ಒಮ್ಮೆ ಬೆಳಗಿ ಒಮ್ಮೆ ಆರುತ್ತಿರುವುದು ಕಂಡಿತು. ಚಿಕ್ಕಂದಿನಿಂದ ನೋಡಿದ್ದೇ ಆದರೂ ಹನ್ನೆರಡು ವರ್ಷ ಬೆಂಗಳೂರಿನ ಜಾಹೀರಾತು ಕಂಪನಿಗಳಿಗೆ ಬೆಳಕಿನ ವಿನ್ಯಾಸ ಮಾಡಿದ ಮೇಲೆ ನೋಡಿದಾಗ, ಇಷ್ಟು ಕಡಿಮೆ ಬೆಳಕಿನಲ್ಲಿ ಇಷ್ಟು ದೊಡ್ಡ ಕೆಲಸ ನಡೆಯುತ್ತಿದೆಯಲ್ಲ ಎಂಬುದು ಮೊದಲ ಬಾರಿಗೆ ಮನಸ್ಸಿಗೆ ನಾಟಿತು. ಮರುದಿನದಿಂದ ಹದಿಮೂರು ರಾತ್ರಿ ಅದೇ ಜಾಗದಲ್ಲಿ ಕುಳಿತು ಟಿಪ್ಪಣಿ ಮಾಡಿಕೊಂಡೆ.

ಮೊಬೈಲ್ ಕ್ಯಾಮೆರಾಕ್ಕೆ ಆ ಬೆಳಕು ಸಿಗಲೇ ಇಲ್ಲ. ಕರಿಯ ಪರದೆಯ ಮೇಲೆ ಅರ್ಥವಿಲ್ಲದ ಚುಕ್ಕೆಗಳು ಮಾತ್ರ ಬಂದವು. ಕೊನೆಗೆ ನಾನು ಹಿಡಿದ ದಾರಿ ತೀರ ಸರಳವಾದದ್ದು. ಮೊಬೈಲಿನ ಧ್ವನಿಮುದ್ರಣ ಹಾಕಿ, ಪರದೆಯನ್ನು ಮಗುಚಿಟ್ಟು, ಒಂದೇ ಕೊಂಬೆಯನ್ನು ದಿಟ್ಟಿಸುತ್ತ, ಪ್ರತಿ ಮಿಂಚಿಗೂ ಸ್ಟೀಲ್ ಲೋಟಕ್ಕೆ ಉಗುರಿನಿಂದ ತಟ್ಟುತ್ತಿದ್ದೆ. ಆಮೇಲೆ ಗಣಕದಲ್ಲಿ ಆ ಸದ್ದುಗಳ ಅಂತರವನ್ನು ಅಳೆದರೆ ಸೆಕೆಂಡಿಗೆ ಒಂದರ ಆಸುಪಾಸಿನ ಲಯ ಸಿಕ್ಕಿತು. ಪ್ರತಿ ಮಿಂಚೂ ಥಟ್ಟನೆ ಏರಿ, ಇಳಿಯುವಾಗ ಮಾತ್ರ ತುಸು ಕಾಲ ತೆಗೆದುಕೊಳ್ಳುತ್ತಿತ್ತು. ಇಂತಹ ಅವಲೋಕನ ಮಾಡುವವರು ಟಾರ್ಚಿನ ಗಾಜಿಗೆ ಕೆಂಪು ಹಾಳೆ ಕಟ್ಟಿಕೊಳ್ಳಿ. ಗಂಡುಹುಳುಗಳ ಮಿಂಚಿಗೆ ಹೆಣ್ಣುಹುಳು ಉತ್ತರ ಕೊಡುವ ಹೊತ್ತಿನಲ್ಲಿ ನಮ್ಮ ಬಿಳಿ ಬೆಳಕು ಅವುಗಳ ಸಂಭಾಷಣೆಯನ್ನೇ ಕೆಡಿಸುತ್ತದೆ. ಹುಳುಗಳನ್ನು ಬಾಟಲಿಯಲ್ಲಿ ಹಿಡಿದು ತರುವ ಆಸೆಯನ್ನು ದಯವಿಟ್ಟು ಬಿಡಿ.

ಆ ದಿನಗಳಲ್ಲಿ ಓದಿದ್ದೂ ಬಹಳ. ಮಿಂಚುಹುಳು ವಾಸ್ತವವಾಗಿ ಜೀರುಂಬೆಯ ಕುಲಕ್ಕೆ ಸೇರಿದ ಕೀಟ. ಅದರ ಹೊಟ್ಟೆಯ ತುದಿಯಲ್ಲಿ ಲೂಸಿಫೆರಿನ್ ಎಂಬ ವಸ್ತು ಲೂಸಿಫೆರೇಸ್ ಕಿಣ್ವದ ನೆರವಿನಿಂದ ಆಮ್ಲಜನಕದೊಡನೆ ಸೇರಿದಾಗ, ಬಿಸಿಯೆಂಬುದು ಇಲ್ಲವೆನ್ನುವಷ್ಟು ತಣ್ಣನೆಯ ಬೆಳಕು ಹೊರಡುತ್ತದೆ. ಲಯದ ವಿಚಾರದಲ್ಲಿ ನನಗೆ ದಾರಿ ತೋರಿದ್ದು 1960ರ ದಶಕದಲ್ಲಿ ಥಾಯ್ಲೆಂಡಿಗೆ ಹೋಗಿದ್ದ ಅಮೆರಿಕದ ಜೀವವಿಜ್ಞಾನಿ ದಂಪತಿ ಜಾನ್ ಬಕ್ ಮತ್ತು ಎಲಿಸಬೆತ್ ಬಕ್ ಅವರ ಪ್ರಯೋಗ. ನದಿದಂಡೆಯಿಂದ ತಂದ ಹುಳುಗಳನ್ನು ಅವರು ಬ್ಯಾಂಕಾಕಿನ ಹೋಟೆಲ್ ಕೋಣೆಯ ಕತ್ತಲಲ್ಲಿ ಬಿಟ್ಟಾಗ, ಮೊದಲು ಅಡ್ಡಾದಿಡ್ಡಿ ಹಾರಾಡಿದ ಹುಳುಗಳು ಗೋಡೆಯ ಮೇಲೆ ಕುಳಿತು, ಎರಡು ಮೂರರ ಗುಂಪಾಗಿ ಹೊಂದಿಕೊಂಡು, ಬಳಿಕ ಹತ್ತಾರು ಒಟ್ಟಿಗೆ ಮಿನುಗತೊಡಗಿದವು. ಮುಂದಾಳು ಯಾರೂ ಇಲ್ಲ. ಪ್ರತಿಯೊಂದೂ ನೆರೆಯದನ್ನು ನೋಡಿ ತನ್ನ ಗಡಿಯಾರವನ್ನು ಕೊಂಚ ತಿದ್ದಿಕೊಳ್ಳುತ್ತದೆ ಅಷ್ಟೆ. ನನ್ನ ಕೋಣೆಯಲ್ಲೂ ಹೀಗೆಯೇ ಆಗಬೇಕು, ಲಯವನ್ನು ನಾನು ಮೊದಲೇ ಬರೆದಿಡಬಾರದು ಎಂದು ಅಂದೇ ನಿಶ್ಚಯಿಸಿದೆ.

ಹತ್ತಿರದ ಮೀಸಲು ಅರಣ್ಯದೊಳಗೂ ರಾತ್ರಿ ಕೂರಬೇಕೆಂದು ಅರಣ್ಯ ಇಲಾಖೆಯ ಕಚೇರಿಯೊಂದಕ್ಕೆ ಅರ್ಜಿ ಕೊಟ್ಟಿದ್ದೆ. ಸಂಶೋಧನಾ ಸಂಸ್ಥೆಯ ಪತ್ರ ಬೇಕೆಂದರು. ನಾನು ಯಾವ ಸಂಸ್ಥೆಗೂ ಸೇರಿದವಳಲ್ಲ. ಪತ್ರ ಹೊಂದಿಸಿ ಮತ್ತೆ ಹೋಗುವಷ್ಟರಲ್ಲಿ ಮೃಗಶಿರಾ ಮಳೆ ಹಿಡಿದು ಹುಳುಗಳ ಕಾಲವೇ ಮುಗಿದಿತ್ತು. ಮಾಲ್ಕಿ ಜಮೀನಿನಲ್ಲೋ ಹಳ್ಳಿಯ ದಾರಿಯ ಬದಿಯಲ್ಲೋ ಕಾಣುವುದಾದರೆ ಅಲ್ಲಿಯೇ ನೋಡಿ. ಕಾಡೇ ಬೇಕೆಂದರೆ ಅರ್ಜಿಯನ್ನು ಫೆಬ್ರವರಿಯಲ್ಲೇ ಕೊಡಿ.

ಆಗಸ್ಟಿನಲ್ಲಿ ಬೆಂಗಳೂರಿನ ಕಲಾ ಸಂಸ್ಥೆಯೊಂದರ ಅನುದಾನಕ್ಕೆ ಅರ್ಜಿ ಹಾಕಿದೆ. ಎಂಟು ಪುಟದ ಪ್ರಸ್ತಾವ, ಬಜೆಟ್ಟು, ಹಿಂದಿನ ಕೆಲಸದ ಹತ್ತು ಚಿತ್ರಗಳು, ಎರಡು ಶಿಫಾರಸು ಪತ್ರ. ಅಕ್ಟೋಬರಿನ ಸಂದರ್ಶನದಲ್ಲಿ ಸಮಿತಿಯ ಹಿರಿಯರೊಬ್ಬರು, "ಇದು ಕಲೆಯೋ, ಮದುವೆ ಮಂಟಪದ ಅಲಂಕಾರವೋ?" ಎಂದು ಕೇಳಿದರು. ಪ್ರಶ್ನೆ ಆಗ ಚುಚ್ಚಿದರೂ ನ್ಯಾಯವಾದದ್ದೇ. 2003ರಲ್ಲಿ ಕಲಾವಿದ ಓಲಾಫುರ್ ಎಲಿಯಾಸನ್ ಅವರು ಲಂಡನ್ನಿನ ಟೇಟ್ ಮಾಡರ್ನ್ ಸಂಗ್ರಹಾಲಯದ ಟರ್ಬೈನ್ ಹಾಲಿನಲ್ಲಿ ಒಂದೇ ಬಣ್ಣದ ಹಳದಿ ದೀಪಗಳು, ಮಂಜು, ಛಾವಣಿಯ ಕನ್ನಡಿ ಇಷ್ಟರಿಂದಲೇ ಕೃತಕ ಸೂರ್ಯನನ್ನು ಮೂಡಿಸಿದಾಗ ಜನ ನೆಲದ ಮೇಲೆ ಮಲಗಿ ನೋಡುತ್ತಿದ್ದರೆಂಬುದನ್ನು ನೆನಪಿಸಿ, ಅಲಂಕಾರದ ದೀಪ ಇನ್ನೊಂದು ವಸ್ತುವನ್ನು ಚಂದ ಮಾಡುವುದಕ್ಕೆ ಇರುತ್ತದೆ, ನನ್ನ ಕೋಣೆಯಲ್ಲಿ ಚಂದ ಮಾಡಬೇಕಾದ ಬೇರೆ ವಸ್ತುವೇ ಇರುವುದಿಲ್ಲ ಎಂದು ಹೇಳಿದೆ. ಡಿಸೆಂಬರಿನಲ್ಲಿ 3,60,000 ರೂಪಾಯಿ ಮಂಜೂರಾಯಿತು.

ಮಂಜೂರಾಗುವುದು ಬೇರೆ, ಕೈಗೆ ಬರುವುದು ಬೇರೆ. ಹಣ ಶೇಕಡಾ 40, 40, 20ರ ಮೂರು ಕಂತುಗಳಲ್ಲಿ ಬರುವುದೆಂದು ಒಪ್ಪಂದವಾಯಿತು. ಛಾಪಾ ಕಾಗದ, ಪ್ಯಾನ್ ಕಾರ್ಡು, ರದ್ದು ಮಾಡಿದ ಚೆಕ್ಕು, ಪ್ರದರ್ಶನದ ಜಾಗದವರ ಒಪ್ಪಿಗೆ ಪತ್ರ ಇಷ್ಟನ್ನು ಒದಗಿಸಿದ ಮೇಲೆ ಮೊದಲ ಕಂತು ಫೆಬ್ರವರಿಯಲ್ಲಿ ಜಮೆಯಾಯಿತು. ಅದೂ ಪೂರ್ತಿಯಲ್ಲ, ವೃತ್ತಿಪರ ಶುಲ್ಕವೆಂದು ಪರಿಗಣಿಸಿ ಶೇಕಡಾ 10 ಟಿಡಿಎಸ್ (ಮೂಲದಲ್ಲೇ ಮುರಿದುಕೊಳ್ಳುವ ತೆರಿಗೆ) ಕಡಿತ ಮಾಡಿದ್ದರು. ರಿಟರ್ನ್ಸ್ ಸಲ್ಲಿಸಿದಾಗ ಅದು ಹಿಂದೆ ಬರಬಹುದು, ಆದರೆ ಬಡಗಿಗೆ ಕೊಡಬೇಕಾದ ದಿನ ಬರುವುದಿಲ್ಲ. ಬಜೆಟ್ಟು ಬರೆಯುವಾಗಲೇ ಈ ಹತ್ತರಲ್ಲೊಂದು ಭಾಗವನ್ನು ಇಲ್ಲವೆಂದೇ ಎಣಿಸಿಕೊಳ್ಳಿ. ಜಿಎಸ್‌ಟಿ ಸಂಖ್ಯೆಯಿರುವ ಬಿಲ್ಲನ್ನು ಅಂಗಡಿಯಲ್ಲೇ ಕೇಳಿ ಪಡೆಯಿರಿ. ಚೀಟಿಯ ಮೇಲೆ ಬರೆದುಕೊಟ್ಟ ಲೆಕ್ಕವನ್ನು ಲೆಕ್ಕಪರಿಶೋಧಕರು ಮುಟ್ಟುವುದೂ ಇಲ್ಲ.

ಮೊದಲ ಕಂತು ಬಂದ ಮರುದಿನವೇ ಎಸ್.ಪಿ. ರಸ್ತೆಗೆ ಓಡಿದೆ. ಎಲೆಕ್ಟ್ರಾನಿಕ್ ಸಾಮಾನಿಗೆ ಬೆಂಗಳೂರಿನಲ್ಲಿ ಅದಕ್ಕಿಂತ ಬೇರೆ ಸಂತೆಯಿಲ್ಲ. ಪ್ರತಿ ಬಲ್ಬನ್ನೂ ಬೇರೆಬೇರೆಯಾಗಿ ನಿಯಂತ್ರಿಸಬಹುದಾದ, 50 ಬಲ್ಬುಗಳ ಮಾಲೆಯಾಗಿ ಬರುವ ಬಣ್ಣದ ಪಿಕ್ಸೆಲ್ ದೀಪಗಳನ್ನು ಹತ್ತು ಮಾಲೆ ಕೊಂಡೆ. ವಿದ್ಯುತ್ ಪೂರೈಕೆಯ ಪೆಟ್ಟಿಗೆ, ನಿಯಂತ್ರಕಗಳು ಎಲ್ಲ ಸೇರಿ 26,000 ರೂಪಾಯಿ. ಅಂಗಡಿಯವರು, "ದೀಪಾವಳಿ ಮುಗಿದು ಮೂರು ತಿಂಗಳಾಯಿತಲ್ಲ ಮೇಡಂ, ಈಗ ಇಷ್ಟೊಂದು ಸೀರಿಯಲ್ ಸೆಟ್ ಯಾಕೆ?" ಎಂದು ನಕ್ಕರು. ಆ ಹಣ ಅಷ್ಟೂ ವ್ಯರ್ಥವಾಯಿತು. ಕಾರಣವನ್ನು ಬಿಡಿಸಿ ಹೇಳುತ್ತೇನೆ, ಏಕೆಂದರೆ ಹೊಸದಾಗಿ ಕೈಹಾಕುವ ಎಲ್ಲರೂ ಮೊದಲು ಕೊಳ್ಳುವುದು ಇದೇ ಮಾಲೆಯನ್ನು.

5 ವೋಲ್ಟಿನ ಮಾಲೆಗಳಲ್ಲಿ ಒಂದು ತುದಿಯಿಂದ ವಿದ್ಯುತ್ ಕೊಟ್ಟರೆ ಇನ್ನೊಂದು ತುದಿಗೆ ತಲುಪುವಷ್ಟರಲ್ಲಿ ವೋಲ್ಟೇಜು ಕುಸಿದಿರುತ್ತದೆ. ಪ್ರತಿ ಬಲ್ಬಿನೊಳಗಿರುವ ಹಸಿರು, ನೀಲಿ ದೀಪಗಳಿಗೆ ಸುಮಾರು 3 ವೋಲ್ಟ್ ಬೇಕು, ಕೆಂಪಿಗೆ 2 ಸಾಕು. ಹಾಗಾಗಿ ಕೊನೆಯ ಬಲ್ಬುಗಳಲ್ಲಿ ಹಸಿರು ಸೊರಗಿ ಕೆಂಪು ಮೇಲಾಗುತ್ತದೆ. ನನ್ನ ಹುಳುಗಳು ಬಾಗಿಲ ಬಳಿ ಹಸಿರಾಗಿಯೂ ಮೂಲೆಯಲ್ಲಿ ಕೆಂಡದಂತೆಯೂ ಕಂಡವು. ಎರಡೂ ತುದಿಯಿಂದ ವಿದ್ಯುತ್ ಕೊಟ್ಟು ಅದನ್ನು ಸರಿಪಡಿಸಬಹುದು, ಸರಿಪಡಿಸಿದೆ ಕೂಡ. ಆದರೆ ಈ ದೀಪಗಳ ಪ್ರತಿ ಬಣ್ಣಕ್ಕೂ ಇರುವುದು ಪ್ರಖರತೆಯ 256 ಮೆಟ್ಟಿಲು ಮಾತ್ರ. ಹಗಲಿನಲ್ಲಿ ಧಾರಾಳವೆನ್ನಿಸುವ ಈ ಸಂಖ್ಯೆ ಕತ್ತಲಲ್ಲಿ ಸಾಲುವುದಿಲ್ಲ. ಮಿಂಚು ಆರುವಾಗ ಕೊನೆಯ ಏಳೆಂಟು ಮೆಟ್ಟಿಲುಗಳನ್ನು ಕಣ್ಣು ಒಂದೊಂದಾಗಿ ಎಣಿಸಬಲ್ಲದು. ಅಲ್ಲದೆ ಹಳದಿ ಹಸಿರನ್ನು ಕೆಂಪು ಮತ್ತು ಹಸಿರು ಬೆರೆಸಿ ಮಾಡಿದ್ದರಿಂದ, ಆರುವ ಕೊನೆಯ ಗಳಿಗೆಯಲ್ಲಿ ಒಂದು ಬಣ್ಣ ಮೊದಲು ನಂದಿ ಇನ್ನೊಂದು ಉಳಿದುಬಿಡುತ್ತಿತ್ತು. ಪ್ರತಿ ಹುಳುವೂ ಬಣ್ಣಗೆಟ್ಟು ಸಾಯುತ್ತಿತ್ತು. ಎರಡು ವಾರ ಪ್ರೋಗ್ರಾಮನ್ನು ತಿದ್ದಿ ತಿದ್ದಿ ಸೋತು, ಒಂದು ರಾತ್ರಿ ಮಾಲೆಗಳನ್ನೆಲ್ಲ ಸುತ್ತಿ ಮಂಚದ ಕೆಳಗೆ ತಳ್ಳಿದೆ.

ಉತ್ತರ ಸಿಕ್ಕಿದ್ದು ಮನೆಯ ಹಳೆಯ ವೋಲ್ಟೇಜ್ ಸ್ಟೆಬಿಲೈಸರಿನಲ್ಲಿ. ಅದರ ಮುಂಭಾಗದಲ್ಲಿ ಉರಿಯುತ್ತಿದ್ದ ಪುಟ್ಟ ಸೂಚಕ ದೀಪದ ಬಣ್ಣ ನೋಡಿ ಹೊನ್ನೆಮರ ನೆನಪಾಯಿತು. ಈಗಿನ ಕಡುಹಸಿರು ಎಲ್‌ಇಡಿಗಳಿಗೆ ಮುಂಚೆ ರೇಡಿಯೋ, ಟೇಪ್‌ರೆಕಾರ್ಡರುಗಳಲ್ಲೆಲ್ಲ ಬಳಕೆಯಲ್ಲಿದ್ದ ಆ ಹಳದಿ ಮಿಶ್ರಿತ ಹಸಿರು ಎಲ್‌ಇಡಿಯ ಬೆಳಕಿನ ತರಂಗಾಂತರ 570 ನ್ಯಾನೊಮೀಟರಿನ ಹತ್ತಿರದ್ದು. ಮಿಂಚುಹುಳುಗಳ ಬೆಳಕು ಬಹುಮಟ್ಟಿಗೆ 560ರ ಆಸುಪಾಸಿನದು. ಬೆರಕೆಯಿಲ್ಲದ ಒಂದೇ ಬಣ್ಣವಾದ್ದರಿಂದ ಆರುವಾಗ ಬಣ್ಣಗೆಡುವ ಪ್ರಶ್ನೆಯೇ ಇಲ್ಲ. ಎಸ್.ಪಿ. ರಸ್ತೆಯ ಮಹಡಿಯ ಮೇಲಿನ ಅಂಗಡಿಯೊಂದರಲ್ಲಿ ಒಂದಕ್ಕೆ ಎರಡು ರೂಪಾಯಿಯಂತೆ ಸಾವಿರ ದೀಪ ತಂದೆ.

ಇವುಗಳನ್ನು ಮಿನುಗಿಸಲು ಪಿಸಿಎ 9685 ಎಂಬ ಬಿಲ್ಲೆ (ಚಿಪ್) ಇರುವ ಬೋರ್ಡುಗಳನ್ನು ಬಳಸಿದೆ. ಒಂದು ಬೋರ್ಡು 16 ದೀಪಗಳನ್ನು ನಡೆಸುತ್ತದೆ, ಪ್ರತಿ ದೀಪಕ್ಕೂ 4,096 ಮೆಟ್ಟಿಲುಗಳಿವೆ. 480 ಹುಳುಗಳಿಗೆ 30 ಬೋರ್ಡು. ಇಲ್ಲೂ ಒಂದು ಪೆಟ್ಟು ತಿಂದೆ. ಬೋರ್ಡುಗಳನ್ನು ಕೋಣೆಯ ಉದ್ದಕ್ಕೂ ಹಂಚಿ ಒಂದೇ ನಿಯಂತ್ರಕದಿಂದ ಉದ್ದ ತಂತಿ ಎಳೆದಾಗ ಸಂಕೇತಗಳು ಕೆಟ್ಟು, ಹತ್ತು ನಿಮಿಷಕ್ಕೊಮ್ಮೆ ಎಲ್ಲ ದೀಪಗಳೂ ಇದ್ದಲ್ಲೇ ಸ್ತಬ್ಧವಾಗುತ್ತಿದ್ದವು. ಐ-ಸ್ಕ್ವೇರ್-ಸಿ ಎಂಬ ಆ ಸಂಪರ್ಕ ವಿಧಾನ ಮೂಲತಃ ಒಂದೇ ಬೋರ್ಡಿನೊಳಗಿನ ಬಿಲ್ಲೆಗಳು ಮಾತಾಡಿಕೊಳ್ಳಲೆಂದು ಮಾಡಿದ್ದು, ಮೀಟರುಗಟ್ಟಲೆ ಓಡಲೆಂದಲ್ಲ. ಕೊನೆಗೆ ಇಎಸ್‌ಪಿ 32 ಎಂಬ ಪುಟ್ಟ ಗಣಕದಂತಹ ಆರು ನಿಯಂತ್ರಕಗಳನ್ನಿಟ್ಟು, ಪ್ರತಿಯೊಂದಕ್ಕೂ ಐದು ಬೋರ್ಡುಗಳನ್ನು ಒಂದು ಅಡಿಯೊಳಗಿನ ತಂತಿಯಲ್ಲಿ ಜೋಡಿಸಿ, ದೀಪಗಳಿಗೆ ಹೋಗುವ ತಂತಿಗಳನ್ನು ಮಾತ್ರ ಉದ್ದ ಬಿಟ್ಟೆ. ತೊಂದರೆ ನಿಂತಿತು.

ಲಯದ ಗಣಿತಕ್ಕೆ ಆಧಾರವಾದದ್ದು 1990ರಲ್ಲಿ ರೆನಾಟೊ ಮಿರೊಲ್ಲೊ ಮತ್ತು ಸ್ಟೀವನ್ ಸ್ಟ್ರೊಗಾಟ್ಸ್ ಎಂಬ ಗಣಿತಜ್ಞರು ಪ್ರಕಟಿಸಿದ ಸಾಧನೆ. ಅದನ್ನು ನನ್ನ ಅಮ್ಮನಿಗೆ ವಿವರಿಸಿದ ಹಾಗೆಯೇ ಇಲ್ಲೂ ಹೇಳುತ್ತೇನೆ. ಸಾಲಾಗಿಟ್ಟ ಕೊಡಗಳಿಗೆ ನೀರು ಬೀಳುತ್ತಿದೆಯೆಂದುಕೊಳ್ಳಿ. ತುಂಬಿದ ಕೊಡ ತಾನಾಗಿ ಬರಿದಾಗಿ ಮತ್ತೆ ತುಂಬತೊಡಗುತ್ತದೆ, ಬರಿದಾಗುವಾಗ ಅಕ್ಕಪಕ್ಕದ ಕೊಡಗಳಿಗೆ ಒಂದಿಷ್ಟು ನೀರು ಸಿಡಿಯುತ್ತದೆ. ಈಗಾಗಲೇ ಬಹುತೇಕ ತುಂಬಿದ್ದ ನೆರೆಯ ಕೊಡ ಆ ಸಿಡಿತದಿಂದಲೇ ತುಂಬಿ ಅದರೊಂದಿಗೇ ಬರಿದಾಗುತ್ತದೆ. ಅಲ್ಲಿಂದ ಮುಂದೆ ಇವೆರಡೂ ಜೊತೆ. ಹೀಗೆ ಜೊತೆಗಳು ಸೇರಿ ಗುಂಪಾಗಿ, ಗುಂಪುಗಳು ಸೇರಿ ಇಡೀ ಸಾಲಾಗುತ್ತದೆ. ಸಿಡಿಯುವ ನೀರಿನ ಪ್ರಮಾಣವನ್ನು ಹೆಚ್ಚು ಕಡಿಮೆ ಮಾಡಿ, ಪೂರ್ಣ ಹೊಂದಾಣಿಕೆಗೆ ಸುಮಾರು ಆರು ನಿಮಿಷ ಹಿಡಿಯುವಂತೆ ನೋಡಿಕೊಂಡೆ.

ಮೊದಲ ಬಾರಿ 480 ಹುಳುಗಳೂ ಒಂದಾದಾಗ ಕುಣಿದಾಡಬೇಕೆನ್ನಿಸಿತು. ಜೊತೆಗಿದ್ದ ಎಲೆಕ್ಟ್ರಿಷಿಯನ್ ಮಾತ್ರ, "ಈಗ ಸೀರಿಯಲ್ ಸೆಟ್ ಥರಾನೇ ಆಯ್ತಲ್ಲ ಮೇಡಂ" ಎಂದ. ಅವನ ಮಾತು ನಿಜವಾಗಿತ್ತು. ಅಣುವಿನಷ್ಟೂ ತಪ್ಪದ ಲಯ ಯಂತ್ರದ್ದಾಗಿ ಕಾಣುತ್ತದೆ. ಆಮೇಲೆ ಪ್ರತಿ ಹುಳುವಿನ ಸ್ವಂತ ವೇಗದಲ್ಲಿ ಶೇಕಡಾ 3ರಿಂದ 5ರಷ್ಟು ವ್ಯತ್ಯಾಸವಿಟ್ಟಾಗ, ಬೆಳಕು ಕೋಣೆಯ ಒಂದು ಕಡೆಯಿಂದ ಇನ್ನೊಂದು ಕಡೆಗೆ ಗಾಳಿಯ ಹಾಗೆ ಸರಿಯತೊಡಗಿತು. ನಾನು ಬೆಟ್ಟದಲ್ಲಿ ಕಂಡದ್ದು ಅದನ್ನೇ.

ಏಪ್ರಿಲ್‌ನಲ್ಲಿ ಗೋದಾಮಿಗೆ ಕಾಲಿಟ್ಟಾಗ ನಿಜವಾದ ಕಷ್ಟ ಆರಂಭವಾಯಿತು. ಹಂಚಿನ ಸಂದು, ತಗಡಿನ ತೂತು, ಬಾಗಿಲ ಕೆಳಗಿನ ಬೆರಳಗಲದ ಜಾಗ, ಎದುರಿನ ಬೀದಿದೀಪ, ಹೀಗೆ ಬೆಳಕು ನುಗ್ಗದ ಕಡೆಯೇ ಇರಲಿಲ್ಲ. ಕೋಣೆಯೊಳಗೊಂದು ಕಪ್ಪು ಬಟ್ಟೆಯ ಕೋಣೆಯನ್ನೇ ಕಟ್ಟಬೇಕಾಯಿತು. ಗೋಡೆಗೆ ಎರಡು ಪದರ, ಮೇಲ್ಛಾವಣಿಗೆ ಒಂದು, ಒಟ್ಟು 310 ಮೀಟರ್ ಬಟ್ಟೆಯನ್ನು ಮೀಟರಿಗೆ 150 ರೂಪಾಯಿಯಂತೆ ಚಿಕ್ಕಪೇಟೆಯಿಂದ ತಂದೆ. ಬಟ್ಟೆ ಆರಿಸುವಾಗ ಅಂಗಡಿಯ ಬೆಳಕಿನಲ್ಲಿ ನೋಡಿ ನಂಬಬೇಡಿ. ಒಂದು ತುಂಡನ್ನು ಎರಡು ಮಡಿಕೆ ಮಾಡಿ ಮೊಬೈಲ್ ಟಾರ್ಚಿನ ಮುಂದೆ ಹಿಡಿದು, ಆಮೇಲೆ ಅದೇ ಟಾರ್ಚನ್ನು ಓರೆಯಾಗಿ ಬಿಟ್ಟು ಹೊಳಪಿದೆಯೇ ಎಂದು ನೋಡಿ. ಹೊಳಪಿರುವ ಪಾಲಿಯೆಸ್ಟರ್ ಪ್ರತಿ ಮಿಂಚಿಗೂ ಕನ್ನಡಿಯಾಗುತ್ತದೆ.

ಬಟ್ಟೆ ಹೊಲಿಸಿ ತೂಗುಹಾಕಿದ ಮೇಲೆ, ಅದು ಬೆಂಕಿ ನಿರೋಧಕವೆಂಬ ಪ್ರಮಾಣಪತ್ರ ಎಲ್ಲಿ ಎಂದು ಜಾಗದವರು ಕೇಳಿದರು. ಒಪ್ಪಂದದ ಏಳನೆಯ ಪುಟದಲ್ಲಿ ಆ ಷರತ್ತು ಇತ್ತು, ನಾನೇ ಗಮನಿಸಿರಲಿಲ್ಲ. ಎಲ್ಲವನ್ನೂ ಇಳಿಸಿ, ಬೆಂಕಿ ನಿರೋಧಕ ದ್ರಾವಣ ಹಾಕಿಸಿ ಒಣಗಿಸಿ ಮತ್ತೆ ತೂಗುಹಾಕಲು ಹನ್ನೊಂದು ದಿನ ಮತ್ತು 18,600 ರೂಪಾಯಿ ಹೋಯಿತು. ನೆಲಕ್ಕೆ ಹಾಸಲೆಂದು ಊರಿನಿಂದ ತಂದಿದ್ದ ಆರು ಚೀಲ ತರಗೆಲೆಯನ್ನು ಅದೇ ಕಾರಣಕ್ಕೆ ಹಿಂದೆ ಕಳುಹಿಸಬೇಕಾಯಿತು. ಅದರ ಬದಲು ತೆಂಗಿನ ನಾರಿನ ಚಾಪೆ ಹಾಸಿದೆ. ಕಾಲಡಿಯ ಸರಸರ ಸದ್ದು ಹೋದದ್ದಕ್ಕೆ ಇಂದಿಗೂ ಬೇಸರವಿದೆ.

ಎಲ್ಲ ಮುಚ್ಚಿ, ದೀಪ ಆರಿಸಿ, ಹದಿನೈದು ನಿಮಿಷ ಒಳಗೆ ಕುಳಿತ ಮೇಲೆ ಒಂದು ವಿಚಿತ್ರ ಕಂಡಿತು. ಹುಳುಗಳನ್ನು ಇನ್ನೂ ಹಚ್ಚಿಯೇ ಇರಲಿಲ್ಲ, ಆದರೂ ಕೋಣೆ ಪೂರ್ತಿ ಸಣ್ಣ ಚುಕ್ಕೆಗಳು. ಪ್ರತಿ ಬೋರ್ಡಿನ ಮೇಲೂ ವಿದ್ಯುತ್ ಬರುತ್ತಿದೆಯೆಂದು ತೋರಿಸುವ ಚಿಕ್ಕ ದೀಪವಿರುತ್ತದೆ. 30 ಬೋರ್ಡು, ಆರು ನಿಯಂತ್ರಕ, ಪೂರೈಕೆಯ ಪೆಟ್ಟಿಗೆಗಳು, ಧ್ವನಿವರ್ಧಕ, ಹವಾನಿಯಂತ್ರಕ, ಛಾವಣಿಯ ಹೊಗೆ ಪತ್ತೆ ಸಾಧನ ಎಲ್ಲವೂ ನನ್ನ ಹುಳುಗಳಿಗಿಂತ ಪ್ರಖರವಾಗಿ ಕಣ್ಣು ಬಿಟ್ಟಿದ್ದವು. ಕಪ್ಪು ಇನ್ಸುಲೇಷನ್ ಟೇಪು ಸೆಕೆಗೆ ಎರಡು ದಿನದಲ್ಲಿ ಕಿತ್ತು ಬರುತ್ತಿತ್ತು. ನನ್ನ ಅಕ್ಕನ ಮಗಳ ಸಲಹೆಯಂತೆ ಕಪ್ಪು ನೇಲ್ ಪಾಲಿಶ್ ತಂದು, ಕರೆಂಟು ತೆಗೆದು, ಒಂದೊಂದಕ್ಕೂ ಎರಡೆರಡು ಕೋಟು ಬಳಿದೆವು. ಆರು ಸೀಸೆ ಬೇಕಾಯಿತು. ಹೊಗೆ ಪತ್ತೆ ಸಾಧನವನ್ನು ಮಾತ್ರ ಮುಟ್ಟಲಿಲ್ಲ, ಮುಟ್ಟಕೂಡದು ಕೂಡ.

ನಿರ್ಗಮನದ ಹಸಿರು ಫಲಕದ ವಿಷಯವೂ ಹಾಗೆಯೇ. ಅದನ್ನು ಮುಚ್ಚುವುದು ಕಾನೂನಿಗೂ ವಿವೇಕಕ್ಕೂ ಒಪ್ಪದ ಮಾತು. ಅದನ್ನು ವೈರಿಯೆಂದು ತಿಳಿದು ವಾರವಿಡೀ ಒದ್ದಾಡಿ, ಕೊನೆಗೆ ಕುಳಿತುಕೊಳ್ಳುವ ದಿಕ್ಕನ್ನೇ ಬದಲಿಸಿದೆ. ಫಲಕ ನೋಡುಗರ ಬೆನ್ನ ಹಿಂದೆ ಬರುವಂತೆ ಕೋಣೆಯನ್ನು ತಿರುಗಿಸಿ, ಅದರ ಬೆಳಕು ಮುಂದಿನ ಬಟ್ಟೆಯ ಮೇಲೆ ಬೀಳದಂತೆ ಮೇಲೊಂದು ಸಣ್ಣ ಮಾಡು ಕೂರಿಸಿದೆವು. ಹೊರಳಿ ನೋಡಿದವರಿಗೆ ಬಾಗಿಲು ಸ್ಪಷ್ಟವಾಗಿ ಕಾಣುತ್ತಿತ್ತು. ಬಾಗಿಲಿಗೊಬ್ಬರಂತೆ ಟಾರ್ಚು ಹಿಡಿದ ಸ್ವಯಂಸೇವಕರೂ ಇದ್ದರು.

ಫೋನಿನಲ್ಲಿ ಇದನ್ನೆಲ್ಲ ಕೇಳಿದ ಅಮ್ಮ, "ಅಲ್ಲಿ ಕತ್ತಲೆಗೂ ದುಡ್ಡು ಕೊಡವಾ ತಂಗಿ?" ಎಂದರು.

ಪೂರ್ಣ ಕತ್ತಲೆ ಸಿಕ್ಕಿದ ಮೇಲೆ ದೀಪಗಳು ವಿಪರೀತ ಪ್ರಖರವೆನ್ನಿಸಿದವು. ವಿದ್ಯುತ್ ಹರಿವನ್ನು ತಗ್ಗಿಸಲು ಪ್ರತಿ ದೀಪಕ್ಕೂ ಹಾಕಿದ್ದ 220 ಓಮಿನ ರೆಸಿಸ್ಟರನ್ನು ತೆಗೆದು, 1,000, ಆಮೇಲೆ 4,700, ಕೊನೆಗೆ 10,000 ಓಮಿನದನ್ನು ಹಾಕಬೇಕಾಯಿತು. ಅಂದರೆ ಒಂದು ಹುಳುವಿಗೆ 0.3 ಮಿಲಿಆಂಪಿಯರ್ ವಿದ್ಯುತ್ತೂ ಬೇಡ. 480 ಹುಳುಗಳು ಒಟ್ಟಿಗೆ ಬೆಳಗಿದರೂ 1 ವ್ಯಾಟ್ ದಾಟುವುದಿಲ್ಲ. ತಾತ್ಕಾಲಿಕ ವಿದ್ಯುತ್ ಸಂಪರ್ಕದ ಕಾಗದಪತ್ರದಲ್ಲಿ ಬೆಳಕಿನ ಹೊರೆ ಎಂಬ ಅಂಕಣಕ್ಕೆ ನಾನು ಪ್ರಾಮಾಣಿಕವಾಗಿ "1 ವ್ಯಾಟ್" ಎಂದು ಬರೆದದ್ದು ಕೈತಪ್ಪೆಂದು ಭಾವಿಸಿ ಅರ್ಜಿ ಹಿಂದೆ ಬಂತು. ಹವಾನಿಯಂತ್ರಕ, ಧ್ವನಿವರ್ಧಕ ಸೇರಿಸಿ ಒಟ್ಟು 5 ಕಿಲೋವ್ಯಾಟ್ ಎಂದು ಬರೆದು ಕೊಟ್ಟಾಗ ಸರಾಗವಾಗಿ ಹೋಯಿತು. ಪರವಾನಗಿಯಿರುವ ವಿದ್ಯುತ್ ಗುತ್ತಿಗೆದಾರರ ಸಹಿ ಮತ್ತು 30 ಮಿಲಿಆಂಪಿಯರ್ ಸೋರಿಕೆಗೇ ಕಡಿದುಕೊಳ್ಳುವ ರಕ್ಷಣಾ ಸ್ವಿಚ್ಚು, ಇವೆರಡರಲ್ಲಿ ಉಳಿತಾಯ ಮಾಡಬೇಡಿ.

ಮೇ ಕೊನೆಯ ವಾರ ಊರಿಗೆ ಹೋಗಿ, ಕೋಣೆಯ ಬಣ್ಣ, ವೇಗಗಳನ್ನು ನಿಜವಾದ ಹುಳುಗಳ ಪಕ್ಕದಲ್ಲಿಟ್ಟು ಹೋಲಿಸಬೇಕೆಂದು ಐದು ದೀಪಗಳ ಪುಟ್ಟ ಪೆಟ್ಟಿಗೆ ಮಾಡಿಟ್ಟುಕೊಂಡಿದ್ದೆ. 2025ರಲ್ಲಿ ಮುಂಗಾರು ಮೇ 24ಕ್ಕೇ ಕೇರಳ ಮುಟ್ಟಿತು, ವಾಡಿಕೆಗಿಂತ ಎಂಟು ದಿನ ಮೊದಲು. ಒಂದೆರಡು ದಿನದಲ್ಲಿ ನಮ್ಮ ಕಡೆಗೂ ಬಂತು. ನಾನು ಇಳಿದ ಬಸ್ಸಿನಿಂದ ಮನೆಯವರೆಗೂ ಧೋ ಎಂಬ ಮಳೆ. ನಾಲ್ಕು ರಾತ್ರಿ ಕಾದರೂ ಸಿಕ್ಕಿದ್ದು ಮಳೆ ಬಿಟ್ಟ ಅರ್ಧ ಗಂಟೆಯ ಒಂದೇ ಬಿಡುವು, ಕೊಟ್ಟಿಗೆಯ ಹಿಂದಿನ ಬೇಲಿಯಲ್ಲಿ ಏಳೆಂಟು ಹುಳು. ಪೆಟ್ಟಿಗೆ ಹಚ್ಚಿ ಪಕ್ಕಕ್ಕೆ ಹಿಡಿದಾಗ ಬಣ್ಣ ಹೊಂದಿತು, ನನ್ನ ಹುಳುಗಳು ಆರುವುದು ಮಾತ್ರ ತುಸು ನಿಧಾನವೆಂದು ತಿಳಿಯಿತು. ಅಷ್ಟಕ್ಕೇ 800 ಕಿಲೋಮೀಟರಿನ ಪ್ರಯಾಣ ಸಾರ್ಥಕವೆಂದುಕೊಂಡು ಮರಳಿದೆ.

ಜುಲೈನಲ್ಲಿ ತೆರೆಯುವ ಮುನ್ನಾದಿನ ಆಯೋಜಕರೊಂದಿಗೆ ದೊಡ್ಡ ಮಾತುಕತೆಯೇ ನಡೆಯಿತು. ದಿನಕ್ಕೆ 600 ಜನ, ಒಬ್ಬೊಬ್ಬರಿಗೆ ಮೂರು ನಿಮಿಷ ಎಂಬುದು ಅವರ ಲೆಕ್ಕ. ಮನುಷ್ಯನ ಕಣ್ಣು ಕತ್ತಲೆಗೆ ಹೊಂದಿಕೊಳ್ಳಲು ಮೊದಲ ಹಂತಕ್ಕೇ ಸುಮಾರು ಹತ್ತು ನಿಮಿಷ, ಪೂರ್ತಿಯಾಗಿ ಅರ್ಧ ಗಂಟೆ ಬೇಕು. ಬೀದಿಯ ಬಿಸಿಲಿನಿಂದ ಬಂದವರು ಮೂರು ನಿಮಿಷದಲ್ಲಿ ಏನನ್ನೂ ಕಾಣದೆ ಹೊರಹೋಗುತ್ತಾರೆ. ಇದನ್ನು ಬಾಯಲ್ಲಿ ಹೇಳಿ ಒಪ್ಪಿಸಲಾಗಲಿಲ್ಲ. ಆಯೋಜಕರಿಬ್ಬರನ್ನು ಒಳಗೆ ಕೂರಿಸಿ, ಎರಡನೆಯ ನಿಮಿಷದಲ್ಲಿ ಕಂಡ ಹುಳುಗಳೆಷ್ಟು, ಹನ್ನೆರಡನೆಯ ನಿಮಿಷದಲ್ಲಿ ಕಂಡವೆಷ್ಟು ಎಂದು ಎಣಿಸಲು ಹೇಳಿದೆ. ಒಮ್ಮೆಗೆ 16 ಜನ, ಮಂದ ಕೆಂಪು ಬೆಳಕಿನ ಮುಂಗೋಣೆಯಲ್ಲಿ ಆರು ನಿಮಿಷ, ಒಳಗೆ ಹದಿನಾಲ್ಕು ನಿಮಿಷ ಎಂದು ತೀರ್ಮಾನವಾಯಿತು. ಕಡುಗೆಂಪು ಬೆಳಕು ಕಣ್ಣಿನ ಕತ್ತಲೆ ಗ್ರಹಿಸುವ ಕೋಶಗಳನ್ನು ಅಷ್ಟಾಗಿ ಕಲಕದಿರುವುದರಿಂದ ಹೊಂದಾಣಿಕೆ ಮುಂಗೋಣೆಯಲ್ಲೇ ಆರಂಭವಾಗುತ್ತದೆ. ಸೆಕೆಂಡಿಗೆ ಮೂರಕ್ಕಿಂತ ಹೆಚ್ಚು ಬಾರಿ ಮಿನುಗುವ ಬೆಳಕು ಕೆಲವರಿಗೆ ಅಪಸ್ಮಾರದ ಸೆಳೆತ ತರಿಸಬಲ್ಲದು. ನನ್ನದು ಅದಕ್ಕಿಂತ ಬಹಳ ನಿಧಾನವಾಗಿದ್ದರೂ ಬಾಗಿಲಲ್ಲಿ ಸೂಚನಾ ಫಲಕ ಹಾಕಿದ್ದೆವು.

ಮೊಬೈಲುಗಳನ್ನು ಚೀಲಕ್ಕೆ ಹಾಕಿಸಿಕೊಳ್ಳುತ್ತಿದ್ದೆವು, ಕೈಗಡಿಯಾರದ ಯೋಚನೆ ಬಂದಿರಲಿಲ್ಲ. ಮೊದಲ ದಿನ ಮೂರನೆಯ ತಂಡದಲ್ಲಿ, ಹುಳುಗಳು ಇನ್ನೇನು ಒಂದಾಗುವ ಹೊತ್ತಿಗೆ, ಯಾರೋ ಬೆವರು ಒರೆಸಲು ಕೈಯೆತ್ತಿದಾಗ ಸ್ಮಾರ್ಟ್ ವಾಚು ತಾನಾಗಿ ಬೆಳಗಿ ಇಡೀ ಕೋಣೆ ಹಗಲಾಯಿತು. ಮರುದಿನದಿಂದ ಅವನ್ನೂ ಬಿಚ್ಚಿಸಿದೆವು. ಐದನೆಯ ದಿನ ಒಂದು ನಿಯಂತ್ರಕ ಕೈಕೊಟ್ಟು 80 ಹುಳುಗಳು ಆರಿಹೋದವು. ಬದಲಿಯಾಗಿ ಎರಡನ್ನು ಮೊದಲೇ ಸಿದ್ಧಪಡಿಸಿಟ್ಟಿದ್ದರಿಂದ ಇಪ್ಪತ್ತು ನಿಮಿಷದಲ್ಲಿ ಸರಿಹೋಯಿತು. ಮಕ್ಕಳು ಪಿಸುಗುಟ್ಟುತ್ತಿದ್ದರು, ದೊಡ್ಡವರು ನಿದ್ದೆ ಹೋಗುತ್ತಿದ್ದರು. ನಿದ್ದೆ ಹೋದವರನ್ನು ಎಬ್ಬಿಸಬೇಡಿ ಎಂದು ಸ್ವಯಂಸೇವಕರಿಗೆ ಹೇಳಿದ್ದೆ.

ಲೆಕ್ಕ ಹೀಗಿದೆ. ಬಟ್ಟೆ, ಅದರ ಸಂಸ್ಕರಣೆ, ಹೊಲಿಗೆ, ಕಂಬಗಳ ಬಾಡಿಗೆ, ಚಾಪೆ, ಸಂದು ಮುಚ್ಚುವ ಕೆಲಸ ಎಂದು ಕತ್ತಲೆಗೆ 1,41,100 ರೂಪಾಯಿ. ವ್ಯರ್ಥವಾದ 26,000 ಸೇರಿಸಿ ಎಲೆಕ್ಟ್ರಾನಿಕ್ ಸಾಮಾನಿಗೆ 84,000. ಸ್ವಯಂಸೇವಕರ ಭತ್ಯೆ ಮತ್ತು ಪ್ರಯಾಣ 72,000, ವಿದ್ಯುತ್ ಕೆಲಸ 28,000, ಸಾಗಣೆ 17,000. ಎಲ್ಲ ಕಳೆದು ಹದಿನಾಲ್ಕು ತಿಂಗಳ ನನ್ನ ಸಂಭಾವನೆಯೆಂದು ಕಾಗದದ ಮೇಲೆ 17,900 ರೂಪಾಯಿ ಉಳಿದಿದೆ. ಅದೂ ಕೊನೆಯ ಕಂತಿನೊಳಗೆ ಸಿಕ್ಕಿಕೊಂಡಿದ್ದು, ಆ ಕಂತು ಬಿಡುಗಡೆಯಾಗಬೇಕಾದರೆ ಹಣಬಳಕೆ ಪ್ರಮಾಣಪತ್ರ ಅಂಗೀಕಾರವಾಗಬೇಕು.

ಕಳೆದ ವಾರ ಲೆಕ್ಕಪರಿಶೋಧಕರಿಂದ ಪತ್ರ ಬಂದಿದೆ. 212 ಬಿಲ್ಲುಗಳಲ್ಲಿ ಅವರಿಗೆ ಅನುಮಾನ ಬಂದಿರುವುದು ಒಂದರ ಮೇಲೆ ಮಾತ್ರ: ಬೆಳಕಿನ ಕಲಾಕೃತಿಯ ಖರ್ಚಿನಲ್ಲಿ ಕಪ್ಪು ನೇಲ್ ಪಾಲಿಶ್ ಆರು ಸೀಸೆ ಏಕೆ ಸೇರಿದೆಯೆಂದು ಲಿಖಿತ ವಿವರಣೆ ಕೇಳಿದ್ದಾರೆ. ಬಳಿದ ಬೋರ್ಡೊಂದರ ಫೋಟೊ ತೆಗೆದು ಜೊತೆಗಿಟ್ಟು, ಎರಡು ಪುಟದ ಉತ್ತರ ಬರೆದು ನಿನ್ನೆ ಸ್ಪೀಡ್ ಪೋಸ್ಟಿನಲ್ಲಿ ಹಾಕಿ ಬಂದಿದ್ದೇನೆ.